ಮಹಾಬಲಿಪುರದ ಲೈಟ್‌ಹೌಸ್ ಹತ್ತುವ ಮುಂಚೆ

ಕೋಲಾರದ ನಮಗೆ ಹತ್ತಿರದ ಸಮುದ್ರ ಮಂಗಳೂರಿನದಲ್ಲ. ಊರ ಪಕ್ಕದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಬಂಟ್ವಾಳದಲ್ಲಿ ಶುರುವಾಗಿ, ಹಾಸನ, ಬೆಂಗಳೂರು ದಾಟಿ, ಕೋಲಾರ, ಮುಳಬಾಗಿಲಿನ ಮೇಲೆ ವೆಲ್ಲೂರಿಗೆ ಹೋಗುತ್ತದೆ. ಈ ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಅಲೆ ಕಾಣಲು ನಾನೂರು ಕಿಲೋಮೀಟರಿಗೂ ಜಾಸ್ತಿ ಹೋಗಬೇಕು. ಪೂರ್ವಕ್ಕೆ ಹೊರಟರೆ ಮುನ್ನೂರರ ಒಳಗೇ ಮಹಾಬಲಿಪುರ ಸಿಗುತ್ತದೆ. ಅದಕ್ಕೇ ನಮ್ಮ ಕಡೆಯ ಶಾಲೆಗಳ ಟೂರು, ಮೇಲ್‌ಮರುವತ್ತೂರಿನ ಓಂ ಶಕ್ತಿಗೆ ಮಾಲೆ ಹಾಕಿಕೊಂಡು ಹೋಗುವವರ ಬಸ್ಸು, ಎಷ್ಟೋ ಅಲ್ಲಿ ಒಂದು ಗಳಿಗೆ ನಿಲ್ಲುತ್ತವೆ. ಜನ ಇಳಿದು ಪಂಚರಥ ನೋಡುತ್ತಾರೆ. ಕಡಲ ದಡದ ಗುಡಿ ನೋಡುತ್ತಾರೆ. ಇಳಿಜಾರಿನಲ್ಲಿ ಉರುಳದೆ ನಿಂತಿರುವ ಆ ದೊಡ್ಡ ಗುಂಡಿನ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತಾರೆ. ಚಿಪ್ಪಿನ ಸರ ಕೊಂಡುಕೊಂಡು ಬಸ್ ಹತ್ತುತ್ತಾರೆ. ಗುಡ್ಡದ ಮೇಲಿರುವ ಕಲ್ಲಿನ ಲೈಟ್‌ಹೌಸ್ ಕಡೆಗೆ ಕೆಳಗಿನಿಂದಲೇ ಒಮ್ಮೆ ನೋಡಿ ಹೊರಟುಬಿಡುತ್ತಾರೆ.

ನನಗೆ ಇದು ದೊಡ್ಡ ನಷ್ಟ ಅನಿಸುತ್ತದೆ. ಆ ಗೋಪುರ ಹತ್ತಿದರೆ ಭೂಮಿ ದುಂಡಗಿದೆ ಅನ್ನುವುದನ್ನು ಕಣ್ಣಾರೆ ನೋಡಬಹುದು. ಬೆಳಕು, ಗಾಜು, ಗಣಿತ, ಗಡಿಯಾರದ ಯಂತ್ರ ಎಲ್ಲವೂ ಒಂದೇ ಕೆಲಸಕ್ಕೆ ಸೇರಿಕೊಂಡಿರುವ ಕಟ್ಟಡ ಅದು. ಆದರೆ ಏನು ನೋಡಬೇಕು ಅಂತ ಗೊತ್ತಿಲ್ಲದೆ ಹತ್ತಿದರೆ ಸುಮ್ನೆ ಮೆಟ್ಟಿಲು ಹತ್ತಿ ಇಳಿದ ಹಾಗೆ ಆಗುತ್ತದೆ. ಆದ್ದರಿಂದ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ.

ಲೈಟ್‌ಹೌಸ್ ಸಮುದ್ರಕ್ಕೆ ಬೆಳಕು ಚೆಲ್ಲಿ ಬಂಡೆಗಳನ್ನು ತೋರಿಸುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಇಪ್ಪತ್ತು, ಮೂವತ್ತು ಕಿಲೋಮೀಟರ್ ದೂರದ ನೀರನ್ನು ಬೆಳಗುವ ಶಕ್ತಿ ಯಾವ ದೀಪಕ್ಕೂ ಇಲ್ಲ. ಅದು ಹೆದ್ದಾರಿಯ ಮೈಲಿಗಲ್ಲು ಮಾಡುವ ಕೆಲಸ ಮಾಡುತ್ತದೆ. ಮೈಲಿಗಲ್ಲು ದಾರಿಯ ಗುಂಡಿ ತೋರಿಸುವುದಿಲ್ಲ, ನೀವು ಎಲ್ಲಿದ್ದೀರಿ ಅಂತ ಹೇಳುತ್ತದೆ. ನಾವಿಕನ ಹತ್ತಿರ ನಕ್ಷೆ ಇರುತ್ತದೆ. ಬಂಡೆ ಎಲ್ಲಿದೆ, ಆಳ ಎಲ್ಲಿ ಕಡಿಮೆ ಅಂತ ಅದರಲ್ಲಿ ಬರೆದಿರುತ್ತದೆ. ಕತ್ತಲಲ್ಲಿ ಅವನಿಗೆ ಗೊತ್ತಾಗದೆ ಇರುವುದು ಒಂದೇ: ಆ ನಕ್ಷೆಯ ಮೇಲೆ ತನ್ನ ಹಡಗು ಎಲ್ಲಿದೆ? ಗೋಪುರದ ಎತ್ತರ, ಗಾಜಿನ ಆಕಾರ, ದೀಪ ಮಿಂಚುವ ರೀತಿ ಎಲ್ಲವೂ ಈ ಒಂದು ಪ್ರಶ್ನೆಗೆ ಉತ್ತರ ಕೊಡಲು ಇವೆ.

ಎತ್ತರದಿಂದ ಶುರು ಮಾಡೋಣ. ದೀಪವನ್ನು ಅಷ್ಟು ಮೇಲೆ ಯಾಕೆ ಇಡಬೇಕು? ಭೂಮಿ ದುಂಡಗಿರುವುದರಿಂದ. ನೀರು ಎಷ್ಟೇ ಚಪ್ಪಟೆಯಾಗಿ ಕಂಡರೂ ನಮ್ಮ ಕಣ್ಣಿನಿಂದ ದೂರ ಹೋದಂತೆ ಕೆಳಕ್ಕೆ ಬಾಗುತ್ತಾ ಹೋಗುತ್ತದೆ. ಒಂದು ಹಂತದ ಆಚೆ ಇರುವುದೆಲ್ಲ ಆ ಉಬ್ಬಿನ ಹಿಂದೆ ಮರೆಯಾಗುತ್ತದೆ. ಎಷ್ಟು ದೂರದ ತನಕ ಕಾಣುತ್ತದೆ ಅಂತ ಲೆಕ್ಕ ಹಾಕುವುದು ಸುಲಭ. ನಿಮ್ಮ ಕಣ್ಣು ನೀರಿನಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲ ತೆಗೆಯಿರಿ, 3.57ರಿಂದ ಗುಣಿಸಿ. ಬರುವ ಉತ್ತರವೇ ಕಿಲೋಮೀಟರ್‌ನಲ್ಲಿ ನಿಮ್ಮ ದಿಗಂತ.

ಮರಳಿನ ಮೇಲೆ ನಿಂತವರ ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಬರೀ 4.5 ಕಿಲೋಮೀಟರ್ ದೂರದಲ್ಲಿರುತ್ತದೆ. ಸಮುದ್ರ ಕೊನೆಯೇ ಇಲ್ಲದಂತೆ ಕಾಣುತ್ತದಲ್ಲ, ಆದರೆ ನಮಗೆ ಕಾಣುವುದು ಅಷ್ಟೇ. ಕೋಲಾರದ ಬಸ್ ಸ್ಟ್ಯಾಂಡಿನಿಂದ ಅಂತರಗಂಗೆ ಬೆಟ್ಟದ ತನಕದ ದೂರಕ್ಕಿಂತ ಅದು ಬಹಳ ಏನೂ ಜಾಸ್ತಿ ಇಲ್ಲ. ಅದೇ 50 ಮೀಟರ್ ಎತ್ತರಕ್ಕೆ ಹೋದರೆ ದಿಗಂತ 25 ಕಿಲೋಮೀಟರ್ ಆಚೆ ಸರಿಯುತ್ತದೆ. ಗಾಳಿ ಬೆಳಕನ್ನು ಸ್ವಲ್ಪ ಬಗ್ಗಿಸುವುದರಿಂದ ನಿಜಕ್ಕೂ ಇನ್ನೂ ಒಂದಿಷ್ಟು ಜಾಸ್ತಿಯೇ ಕಾಣುತ್ತದೆ.

ಇದನ್ನು ಮಕ್ಕಳಿಗೆ ತೋರಿಸಲು ಮಹಾಬಲಿಪುರಕ್ಕಿಂತ ಒಳ್ಳೆಯ ಜಾಗ ನಮಗೆ ಹತ್ತಿರದಲ್ಲಿಲ್ಲ. ಮೊದಲು ದಡದಲ್ಲಿ ನಿಂತು ದೂರದ ಮೀನಿನ ದೋಣಿಗಳನ್ನು ನೋಡಲು ಹೇಳಿ. ತುಂಬಾ ಆಚೆ ಇರುವ ದೋಣಿಯ ಮೈ ಕಾಣುವುದಿಲ್ಲ, ಮೇಲ್ಭಾಗ ಮಾತ್ರ ಕಾಣುತ್ತದೆ. ಬೈನಾಕ್ಯುಲರ್ ಇದ್ದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಆಮೇಲೆ ಲೈಟ್‌ಹೌಸ್ ಹತ್ತಿಸಿ ಅದೇ ದಿಕ್ಕಿಗೆ ನೋಡಿಸಿ. ಮುಳುಗಿದ ಹಾಗೆ ಕಂಡ ದೋಣಿ ಪೂರ್ತಿ ಕಾಣುತ್ತದೆ, ಅದರ ಆಚೆ ಇನ್ನಷ್ಟು ದೋಣಿಗಳು ಕಾಣುತ್ತವೆ. ಪಾಠದ ಪುಸ್ತಕದ ಚಿತ್ರಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಹಡಗಿನ ಮೇಲಿರುವವನಿಗೂ ಅವನದೇ ದಿಗಂತ ಇರುತ್ತದೆ. ಅವನ ಕಣ್ಣು ನೀರಿನಿಂದ 9 ಮೀಟರ್ ಮೇಲಿದ್ದರೆ ಅವನಿಗೆ ಸುಮಾರು 11 ಕಿಲೋಮೀಟರ್ ಕಾಣುತ್ತದೆ. 50 ಮೀಟರ್ ಎತ್ತರದ ದೀಪದ 25ನ್ನು ಇದಕ್ಕೆ ಕೂಡಿಸಿ. ಅಂದರೆ ಇಬ್ಬರ ನಡುವೆ 36 ಕಿಲೋಮೀಟರ್ ಇದ್ದಾಗ ಆ ದೀಪ ಅವನಿಗೆ ಮೊದಲ ಸಲ ನೀರಿನ ಅಂಚಿನಲ್ಲಿ ಇಣುಕುತ್ತದೆ. ಹಳೆಯ ನಾವಿಕರು ಇಲ್ಲಿ ಒಂದು ಜಾಣತನ ಮಾಡುತ್ತಿದ್ದರು. ದೀಪ ಕಂಡ ಕೂಡಲೇ ಸ್ವಲ್ಪ ಬಗ್ಗಿ ನೋಡುವುದು. ಬಗ್ಗಿದಾಗ ದೀಪ ಮರೆಯಾಗಿ, ಎದ್ದಾಗ ಮತ್ತೆ ಕಂಡರೆ ಅದು ಸರಿಯಾಗಿ ದಿಗಂತದ ಮೇಲಿದೆ ಅಂತ ಅರ್ಥ. ಆಗ ದೂರ ಎಷ್ಟು ಅಂತ ಲೆಕ್ಕದಿಂದ ಗೊತ್ತಾಯಿತು. ದಿಕ್ಸೂಚಿ ಹಿಡಿದರೆ ದೀಪ ಯಾವ ದಿಕ್ಕಿನಲ್ಲಿದೆ ಅಂತಲೂ ಗೊತ್ತಾಯಿತು. ದೂರ ಮತ್ತು ದಿಕ್ಕು ಎರಡೂ ಸಿಕ್ಕಿದ ಮೇಲೆ ನಕ್ಷೆಯ ಮೇಲೆ ಚುಕ್ಕಿ ಇಡುವುದೇ ಬಾಕಿ. ಎರಡು ಲೈಟ್‌ಹೌಸ್ ಒಟ್ಟಿಗೆ ಕಂಡರಂತೂ ದೂರದ ಲೆಕ್ಕವೂ ಬೇಡ. ಎರಡರಿಂದಲೂ ಗೆರೆ ಎಳೆದರೆ ಅವು ಕೂಡುವ ಜಾಗದಲ್ಲಿ ಹಡಗು ಇದೆ.

ಹಾಗಾದರೆ ಇನ್ನೂ ಎತ್ತರ ಮಾಡಬಹುದಲ್ವಾ? ನಮ್ಮ ಕಡೆಯವರಿಗೆ ಇದರ ಉತ್ತರ ಬೇಗ ಅರ್ಥವಾಗುತ್ತದೆ. ನಂದಿ ಬೆಟ್ಟದ ಎತ್ತರ 1,478 ಮೀಟರ್. ಅಷ್ಟು ಎತ್ತರದ ಬೆಟ್ಟ ಸಮುದ್ರದ ದಡದಲ್ಲಿದ್ದು, ತುದಿಯಲ್ಲಿ ದೀಪ ಇಟ್ಟರೆ ಲೆಕ್ಕದ ಪ್ರಕಾರ ಅದು 137 ಕಿಲೋಮೀಟರ್ ದೂರಕ್ಕೆ ಕಾಣಬೇಕು. ಆದರೆ ಬೆಳಗಿನ ಜಾವ ನಂದಿಗೆ ಹೋದವರಿಗೆ ಗೊತ್ತು, ಎಷ್ಟೋ ದಿನ ತುದಿಯೇ ಮೋಡದ ಒಳಗಿರುತ್ತದೆ. ಮೇಲೆ ನಿಂತವರಿಗೆ ಕೆಳಗಿನ ಊರು ಕಾಣುವುದಿಲ್ಲ, ಕೆಳಗಿನವರಿಗೆ ಬೆಟ್ಟದ ತಲೆ ಕಾಣುವುದಿಲ್ಲ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಇದು ನಿಜವಾಗಿಯೇ ನಡೆಯಿತು. ಅಲ್ಲಿನ ಪಾಯಿಂಟ್ ಲೋಮಾ ಗುಡ್ಡದ ಮೇಲೆ, ಸಮುದ್ರದಿಂದ ಸುಮಾರು 129 ಮೀಟರ್ ಎತ್ತರದಲ್ಲಿ, 1855ರಲ್ಲಿ ದೀಪ ಹಚ್ಚಿದರು. ಮಂಜು, ತಗ್ಗಿನ ಮೋಡ ಬಂದಾಗಲೆಲ್ಲ ದೀಪ ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕೊನೆಗೆ 1891ರಲ್ಲಿ ಅದನ್ನು ಆರಿಸಿ, ಗುಡ್ಡದ ಬುಡದಲ್ಲಿ ನೀರಿನ ಹತ್ತಿರ ಬೇರೆ ಲೈಟ್‌ಹೌಸ್ ಕಟ್ಟಿದರು.

ಎತ್ತರ ಸರಿಯಾಯಿತು. ಆದರೆ ಬೆಳಕು ಅಷ್ಟು ದೂರ ತಲುಪುವ ಹಾಗೆ ಮಾಡುವುದು ಬೇರೆ ಕಷ್ಟ. ಲೈಟ್‌ಹೌಸ್ ಕತೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಒಂದು ದೀಪ ಎಲ್ಲ ಕಡೆಗೂ ಬೆಳಕು ಚೆಲ್ಲುತ್ತದೆ. ಆಕಾಶಕ್ಕೆ ಹೋದದ್ದು ದಂಡ, ನೆಲಕ್ಕೆ ಬಿದ್ದದ್ದು ದಂಡ. ನಾವಿಕನಿಗೆ ಬೇಕಿರುವುದು ದಿಗಂತದ ಕಡೆ ಅಡ್ಡಡ್ಡ ಹೋಗುವ ಒಂದು ಪಟ್ಟಿ ಮಾತ್ರ. ಉಬ್ಬಿದ ಮಸೂರವನ್ನು ದೀಪದ ಮುಂದೆ ಇಟ್ಟರೆ ಬೆಳಕನ್ನು ಒಂದು ಕಡೆಗೆ ತಿರುಗಿಸಬಹುದು. ಆದರೆ ದೀಪದ ಬೆಳಕನ್ನೆಲ್ಲ ಹಿಡಿಯುವಷ್ಟು ದೊಡ್ಡ ಮಸೂರ ಮಾಡಲು ಹೋದರೆ ಅದು ಗಾಜಿನ ಗುಂಡುಕಲ್ಲೇ ಆಗಿಬಿಡುತ್ತದೆ. ಎರಕ ಹೊಯ್ಯುವುದು ಕಷ್ಟ, ಎತ್ತುವುದು ಕಷ್ಟ. ಅಷ್ಟು ದಪ್ಪ ಗಾಜು ಬೆಳಕನ್ನೂ ನುಂಗುತ್ತದೆ.

ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ರಸ್ತೆ, ಸೇತುವೆ ಕಟ್ಟಿಸುವ ಸರ್ಕಾರಿ ಎಂಜಿನಿಯರ್ ಆಗಿದ್ದವರು. ಅವರು ಹಿಡಿದ ಎಳೆ ಇದು: ಬೆಳಕು ಬಗ್ಗುವುದು ಗಾಜಿನ ಮೇಲ್ಮೈಯಲ್ಲಿ ಮಾತ್ರ. ಒಳಗಿನ ದಪ್ಪದಲ್ಲಿ ಅದು ನೇರವಾಗಿ ಸಾಗುತ್ತದೆ, ಅಲ್ಲಿ ಯಾವ ಕೆಲಸವೂ ಆಗುವುದಿಲ್ಲ. ಹಾಗಿದ್ದರೆ ಆ ದಪ್ಪ ಯಾಕೆ ಬೇಕು? ಮೇಲ್ಮೈಯ ಇಳಿಜಾರನ್ನು ಮಾತ್ರ ಉಳಿಸಿಕೊಂಡು, ಹಿಂದಿನ ಗಾಜನ್ನೆಲ್ಲ ತೆಗೆದುಹಾಕಬಹುದು. ಹೀಗೆ ಒಂದು ದೊಡ್ಡ ಮಸೂರದ ಬದಲು ಉಂಗುರ ಉಂಗುರವಾಗಿ ಜೋಡಿಸಿದ ತೆಳು ಗಾಜಿನ ಪಟ್ಟಿಗಳು ಬಂದವು. ನಡುವೆ ಉಬ್ಬಿದ ಗಾಜು, ಅದರ ಸುತ್ತ ಉಂಗುರಗಳು. ಒಂದೊಂದು ಉಂಗುರದ ಕೋನವೂ ಬೇರೆ, ಆದರೆ ಎಲ್ಲದರಿಂದ ಹೊರಬರುವ ಬೆಳಕು ಒಂದೇ ದಿಕ್ಕಿಗೆ ಹೋಗುತ್ತದೆ. ಮುಂದೆ ಮೇಲಕ್ಕೂ ಕೆಳಕ್ಕೂ ಪಟ್ಟಕಗಳ ಸಾಲು ಸೇರಿದವು. ಅವು ಕನ್ನಡಿಯ ಹಾಗೆ ಬೆಳಕನ್ನು ಒಳಗೇ ಪ್ರತಿಫಲಿಸಿ ದಿಗಂತದ ಕಡೆಗೆ ಕಳಿಸುತ್ತವೆ. ಆಕಾಶಕ್ಕೂ ನೆಲಕ್ಕೂ ಹೋಗಿ ಹಾಳಾಗುತ್ತಿದ್ದ ಬೆಳಕು ಹೀಗೆ ಕೆಲಸಕ್ಕೆ ಬಂತು.

1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ಲೈಟ್‌ಹೌಸ್‌ನಲ್ಲಿ ಮೊದಲ ಫ್ರೆನೆಲ್ ಮಸೂರ ಬೆಳಗಿತು. ನಾಲ್ಕೇ ವರ್ಷಕ್ಕೆ, 1827ರಲ್ಲಿ, ಫ್ರೆನೆಲ್ ಕ್ಷಯರೋಗದಿಂದ ತೀರಿಕೊಂಡರು. ಆಗ ಅವರಿಗೆ 39 ವರ್ಷ. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಕಾಲ ಜಗತ್ತಿನ ದಡಗಳನ್ನೆಲ್ಲ ಕಾದದ್ದು ಅವರ ಗಾಜು. ಇಷ್ಟು ದೊಡ್ಡ ಉಪಕಾರ ಮಾಡಿದವರ ಹೆಸರು ನಮ್ಮ ಶಾಲೆಗಳಲ್ಲಿ ಇನ್ನೂ ಜಾಸ್ತಿ ಕೇಳಿಬರಬೇಕಿತ್ತು.

ಗಾಜಿನ ಒಳಗಿನ ದೀಪ ಮೊದಲು ಬರೀ ಎಣ್ಣೆ ಬತ್ತಿ. 1900ರ ಆಸುಪಾಸಿನಲ್ಲಿ ಸೀಮೆಎಣ್ಣೆಯನ್ನು ಒತ್ತಡದಲ್ಲಿ ಆವಿ ಮಾಡಿ ಮ್ಯಾಂಟಲ್ ಉರಿಸುವ ದೀಪ ಬಂತು. ಹಳ್ಳಿಯ ಮದುವೆ, ಜಾತ್ರೆಗಳಲ್ಲಿ ಪಂಪ್ ಹೊಡೆದು ಹಚ್ಚುತ್ತಿದ್ದ ಪೆಟ್ರೋಮ್ಯಾಕ್ಸ್ ಕೆಲಸ ಮಾಡುವುದೂ ಹೀಗೆಯೇ. ನಮ್ಮ ಕೆಜಿಎಫ್ ಗಣಿಗಳಿಗೆ ಶಿವನಸಮುದ್ರದಿಂದ ಕರೆಂಟ್ ಬಂದದ್ದು 1902ರಲ್ಲಿ. ಆ ಕಾಲಕ್ಕೆ ಸಮುದ್ರದ ದಡದ ಹೆಚ್ಚಿನ ದೀಪಗಳು ಇನ್ನೂ ಎಣ್ಣೆಯಲ್ಲೇ ಉರಿಯುತ್ತಿದ್ದವು. ಎಣ್ಣೆ ದೀಪವನ್ನೇ ಅಷ್ಟು ದೂರ ಕಾಣಿಸಿದ್ದು ಗಾಜು.

ಈಗ ಮೂರನೆಯ ವಿಷಯ. ಕತ್ತಲಲ್ಲಿ ದೂರದಲ್ಲಿ ಒಂದು ದೀಪ ಕಂಡಿತು ಅಂದುಕೊಳ್ಳಿ. ಅದು ಯಾವ ಊರಿನದು? ಇದು ಗೊತ್ತಾಗದಿದ್ದರೆ ದೀಪ ಇದ್ದೂ ಪ್ರಯೋಜನ ಇಲ್ಲ. ಮಹಾಬಲಿಪುರದ ದೀಪವನ್ನು ಚೆನ್ನೈಯದು ಅಂದುಕೊಂಡ ಹಡಗು ನಕ್ಷೆಯಲ್ಲಿ ಐವತ್ತು ಕಿಲೋಮೀಟರ್ ತಪ್ಪು ಜಾಗದಲ್ಲಿ ಚುಕ್ಕಿ ಇಡುತ್ತದೆ. ದೀಪವೇ ಇಲ್ಲದಿದ್ದರೆ ನಾವಿಕ ಹುಷಾರಾಗಿಯಾದರೂ ಇರುತ್ತಾನೆ. ತಪ್ಪು ತಿಳಿದುಕೊಂಡ ದೀಪ ಅದಕ್ಕಿಂತ ಅಪಾಯ.

ಇದಕ್ಕೆ ಸಿಕ್ಕ ದಾರಿ ಲಯ. ಒಂದೊಂದು ಲೈಟ್‌ಹೌಸ್‌ಗೂ ತನ್ನದೇ ಮಿಂಚಿನ ಲೆಕ್ಕ ಇರುತ್ತದೆ. ಒಂದು 10 ಸೆಕೆಂಡಿಗೆ ಒಂದು ಸಲ ಮಿಂಚಿದರೆ, ಪಕ್ಕದ್ದು ಎರಡು ಸಲ ಬೇಗ ಬೇಗ ಮಿಂಚಿ ಆಮೇಲೆ ಸುಮ್ಮನಿರುತ್ತದೆ. ಅಕ್ಕಪಕ್ಕದ ಎರಡು ದೀಪಗಳ ಲೆಕ್ಕ ಒಂದೇ ಆಗದಂತೆ ನೋಡಿಕೊಳ್ಳುತ್ತಾರೆ. ಈ ಲೆಕ್ಕ ನಕ್ಷೆಯಲ್ಲಿ ದೀಪದ ಗುರುತಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ನಾವಿಕ ಗಡಿಯಾರ ಹಿಡಿದು ಎಣಿಸುತ್ತಾನೆ, ನಕ್ಷೆ ನೋಡುತ್ತಾನೆ, ಊರು ಯಾವುದು ಅಂತ ತಿಳಿದುಕೊಳ್ಳುತ್ತಾನೆ.

ಇಲ್ಲಿ ಮಕ್ಕಳು ಯಾವಾಗಲೂ ಕೇಳುವ ಪ್ರಶ್ನೆ, ದೀಪ ಆರಿ ಆರಿ ಹತ್ತುತ್ತದಾ ಅಂತ. ಹಳೆಯ ತಿರುಗುವ ದೀಪಗಳಲ್ಲಿ ಹಾಗಲ್ಲ. ಬೆಂಕಿ ರಾತ್ರಿಯಿಡೀ ಒಂದೇ ಸಮ ಉರಿಯುತ್ತಿರುತ್ತದೆ. ತಿರುಗುವುದು ಅದರ ಸುತ್ತಲಿನ ಗಾಜು. ಗಾಜಿನಲ್ಲಿ ನಾಲ್ಕು ಮುಖ ಇದ್ದರೆ ನಾಲ್ಕು ಬೆಳಕಿನ ಕೋಲುಗಳು ಹೊರಡುತ್ತವೆ. ಗಾಜು ತಿರುಗಿದಂತೆ ಅವೂ ಸಮುದ್ರದ ಮೇಲೆ ಸುತ್ತುತ್ತವೆ. ಒಂದು ಕೋಲು ನಿಮ್ಮ ಕಣ್ಣಿನ ಮೇಲೆ ಹಾದಾಗ ನಿಮಗೆ ಮಿಂಚು, ಹಾದ ಮೇಲೆ ಕತ್ತಲು. ನಾಲ್ಕು ಮುಖದ ಗಾಜು 40 ಸೆಕೆಂಡಿಗೆ ಒಂದು ಸುತ್ತು ಹಾಕಿದರೆ 10 ಸೆಕೆಂಡಿಗೆ ಒಂದು ಮಿಂಚು ಕಾಣುತ್ತದೆ. ಮುಖಗಳನ್ನು ಎರಡೆರಡಾಗಿ ಹತ್ತಿರ ತಂದು ಕೂರಿಸಿದರೆ ಜೋಡಿ ಮಿಂಚು ಬರುತ್ತದೆ. ಅಂದರೆ ಆ ದೀಪದ ಗುರುತನ್ನು ಗಾಜು ಕೊರೆಯುವಾಗಲೇ ಬರೆದಿಟ್ಟಂತೆ ಆಯಿತು.

ದೊಡ್ಡ ಮಸೂರಗಳು ಚೌಕಟ್ಟು ಸೇರಿ ಕೆಲವು ಟನ್ ತೂಗುತ್ತವೆ. ಅವನ್ನು ಸರಾಗವಾಗಿ ತಿರುಗಿಸಲು 1890ರ ದಶಕದಿಂದ ಪಾದರಸದ ತೊಟ್ಟಿಯಲ್ಲಿ ತೇಲಿಬಿಡುವ ಪದ್ಧತಿ ಬಂತು. ಪಾದರಸ ಅಷ್ಟು ಭಾರದ ದ್ರವ. ಅದರ ಮೇಲೆ ತೇಲುವ ಟನ್‌ಗಟ್ಟಲೆ ಗಾಜನ್ನು ಬೆರಳಿನಿಂದ ತಳ್ಳಿದರೂ ತಿರುಗುತ್ತದೆ. ತಿರುಗಿಸುವ ಯಂತ್ರ ಗೋಡೆ ಗಡಿಯಾರದ ಥರದ್ದೇ. ಗೋಪುರದ ನಡುವಿನ ಟೊಳ್ಳಿನಲ್ಲಿ ಒಂದು ಭಾರ ನಿಧಾನವಾಗಿ ಕೆಳಗಿಳಿಯುತ್ತಾ ಹಲ್ಲಿನ ಚಕ್ರಗಳನ್ನು ಓಡಿಸುತ್ತದೆ. ಭಾರ ಕೆಳಗೆ ಮುಟ್ಟುವ ಮೊದಲು ಕಾವಲಿನವನು ಅದನ್ನು ಮತ್ತೆ ಮೇಲಕ್ಕೆ ಸುತ್ತಬೇಕು. ಮಳೆ, ಬಿರುಗಾಳಿ, ಜ್ವರ ಏನೇ ಇದ್ದರೂ ಸರಿ, ರಾತ್ರಿಯಲ್ಲಿ ಹಲವು ಸಲ. ಅವನು ನಿದ್ದೆ ಹೋಗಿ ಗಾಜು ನಿಂತರೆ ಎಷ್ಟೋ ದೂರದ ಹಡಗಿಗೆ ದೀಪದ ಗುರುತು ಸಿಗುವುದಿಲ್ಲ. ಆ ಕೆಲಸ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ ಇದೆ. ತಾವು ಕಾಪಾಡಿದ ಜನರನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

ಹಗಲಲ್ಲಿ ದೀಪ ಕಾಣುವುದಿಲ್ಲ, ಆಗ ಗೋಪುರವೇ ಗುರುತು. ಅದಕ್ಕೇ ಕೆಲವಕ್ಕೆ ಕೆಂಪು ಬಿಳಿ ಪಟ್ಟೆ ಬಳಿಯುತ್ತಾರೆ. ಮಹಾಬಲಿಪುರಕ್ಕೆ ಈ ಕೆಲಸ ಹಳೆಯದು. ಲೈಟ್‌ಹೌಸ್ ಬರುವ ಎಷ್ಟೋ ಮೊದಲೇ ಯುರೋಪಿನ ನಾವಿಕರು ಈ ದಡವನ್ನು ಏಳು ಗುಡಿಗಳ ಊರು ಅಂತ ಗುರುತಿಟ್ಟುಕೊಂಡಿದ್ದರು. ಈಗಿನ ಗೋಪುರದ ಪಕ್ಕದಲ್ಲೇ, ಮಹಿಷಮರ್ದಿನಿ ಗುಹೆಯ ನೆತ್ತಿಯ ಮೇಲೆ, ಪಲ್ಲವರ ಕಾಲದ ಓಲಕ್ಕಣ್ಣೇಶ್ವರ ಗುಡಿ ಇದೆ. 19ನೇ ಶತಮಾನದಲ್ಲಿ ಅದರ ಮಾಳಿಗೆಯ ಮೇಲೆಯೇ ದೀಪ ಇಡುತ್ತಿದ್ದರು. ಜನ ಈಗಲೂ ಅದನ್ನು ಹಳೆಯ ಲೈಟ್‌ಹೌಸ್ ಅನ್ನುತ್ತಾರೆ. ಇಲ್ಲಿ ಲೈಟ್‌ಹೌಸ್ ದೀಪ ಮೊದಲು ಹತ್ತಿದ್ದು 1887ರಲ್ಲಿ. ಈಗ ನಾವು ಹತ್ತುವ ದುಂಡು ಕಲ್ಲಿನ ಗೋಪುರ 1904ರಿಂದ ಕೆಲಸ ಮಾಡುತ್ತಿದೆ. ಕೋಲಾರದವರು ಅದರ ಗೋಡೆಯನ್ನು ಹತ್ತಿರದಿಂದ ನೋಡಿ. ನಮ್ಮ ಬೆಟ್ಟಗುಡ್ಡಗಳ ಜಾತಿಯ ಗಟ್ಟಿ ಕಲ್ಲು. ಒಂದು ಶತಮಾನದ ಉಪ್ಪುಗಾಳಿ ಅದಕ್ಕೆ ಏನೂ ಮಾಡಿಲ್ಲ.

ಚೆನ್ನೈ ಮೇಲೆ ಹೋಗುವವರಿಗೆ ಇನ್ನೂ ಒಂದು ಅವಕಾಶ ಇದೆ. ಅಲ್ಲಿ ದೀಪ ನಾಲ್ಕು ಜಾಗ ಬದಲಾಯಿಸಿದೆ. 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಒಂದು ಕಟ್ಟಡದ ಮೇಲೆ, ಅದೇ ಈಗಿನ ಕೋಟೆ ಮ್ಯೂಸಿಯಂ. 1844ರಲ್ಲಿ ಹೈಕೋರ್ಟ್ ಆವರಣದ ಎತ್ತರದ ಕಲ್ಲು ಕಂಬದ ಮೇಲೆ. 1894ರಲ್ಲಿ ಹೈಕೋರ್ಟಿನ ಗುಮ್ಮಟದ ಮೇಲೆ. 1977ರಿಂದ ಮರೀನಾ ದಡದ ಮೂರು ಮೂಲೆಯ ಕೆಂಪು ಬಿಳಿ ಗೋಪುರದಲ್ಲಿ. ಮರೀನಾದ್ದಕ್ಕೆ ಲಿಫ್ಟ್ ಇದೆ. ಮಂಡಿ ನೋವಿನ ಹಿರಿಯರನ್ನು ಕರೆದುಕೊಂಡು ಹೋಗುವವರು ಮಹಾಬಲಿಪುರದ ಬದಲು ಅದನ್ನೇ ನೋಡಬಹುದು.

ಜಿಪಿಎಸ್ ಬಂದ ಮೇಲೆ ಇದೆಲ್ಲ ಬೇಕಾ? ಬೇಕು ಅಂತಲೇ ನನ್ನ ಅಭಿಪ್ರಾಯ. ಉಪಗ್ರಹದ ಸಂಕೇತ ತುಂಬಾ ಕ್ಷೀಣ. ಅದನ್ನು ಅಡ್ಡಗಟ್ಟಬಹುದು, ಸುಳ್ಳು ಸಂಕೇತ ಕಳಿಸಿ ದಾರಿ ತಪ್ಪಿಸಬಹುದು. ಬ್ಯಾಟರಿ ಮುಗಿದ ಸಣ್ಣ ದೋಣಿಯಲ್ಲಿ ಇರುವ ಮೀನುಗಾರನಿಗೆ ದಡದ ದೀಪ ಇನ್ನೂ ದೀಪವೇ. ನಮ್ಮ ದೇಶದಲ್ಲಿ ಸುಮಾರು 200 ಲೈಟ್‌ಹೌಸ್‌ಗಳಿವೆ. ಕೇಂದ್ರ ಸರ್ಕಾರದ ಲೈಟ್‌ಹೌಸ್ ಮತ್ತು ಲೈಟ್‌ಶಿಪ್ ಮಹಾನಿರ್ದೇಶನಾಲಯ ಅವನ್ನು ನೋಡಿಕೊಳ್ಳುತ್ತದೆ. ಈಗ ಎಲ್‌ಇಡಿ, ಸೌರಶಕ್ತಿ ಬಂದಿವೆ, ಭಾರ ಸುತ್ತುವ ಕೆಲಸ ಹೋಗಿದೆ. ಆದರೆ ಲಯದ ಲೆಕ್ಕ ಉಳಿದಿದೆ. 1927ರ ಲೈಟ್‌ಹೌಸ್ ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸ ಕಾಯ್ದೆಯೂ ಬಂತು. ಬೇಡವಾದ ವಸ್ತುವಿಗೆ ಯಾರೂ ಹೊಸ ಕಾಯ್ದೆ ಮಾಡುವುದಿಲ್ಲ.

ಹೋಗುವವರಿಗೆ ಕೆಲವು ಮಾತು. ಒಳಗೆ ಬಿಡುವ ಸಮಯ ಸೀಮಿತ, ಟಿಕೆಟ್ ಬೆಲೆ ಕಡಿಮೆ. ಹೊರಡುವ ಮುಂಚೆ ಸಮಯ ವಿಚಾರಿಸಿಕೊಳ್ಳಿ. ಮೆಟ್ಟಿಲು ಸುತ್ತು ಸುತ್ತಾಗಿವೆ, ಮೇಲಿನ ಭಾಗ ಇಕ್ಕಟ್ಟು. ಚಪ್ಪಲಿಗಿಂತ ಶೂ ಒಳ್ಳೆಯದು. ಸೀರೆ ಉಟ್ಟವರು ನೆರಿಗೆ ಎತ್ತಿ ಸಿಕ್ಕಿಸಿಕೊಂಡೇ ಹತ್ತಬೇಕು. ಟೋಪಿ, ವೇಲ್ ಗಟ್ಟಿಯಾಗಿ ಹಿಡಿದುಕೊಳ್ಳಿ, ಮೇಲೆ ಗಾಳಿ ಜೋರು.

ಯಾವುದೇ ಹಳೆಯ ಲೈಟ್‌ಹೌಸ್‌ನಲ್ಲಿ ಹಗಲು ಹೊತ್ತು ದೀಪದ ಕೋಣೆಗೆ ಪರದೆ ಎಳೆದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅದಕ್ಕೂ ಕಾರಣ ಇದೆ. ಒಳಗಿನ ದೀಪವನ್ನು ದಿಗಂತಕ್ಕೆ ಕಳಿಸುವ ಗಾಜು ಹೊರಗಿನ ಸೂರ್ಯನನ್ನೂ ಒಳಗಿನ ಒಂದೇ ಚುಕ್ಕಿಗೆ ತಂದು ಸೇರಿಸುತ್ತದೆ. ಭೂತಗನ್ನಡಿಯಲ್ಲಿ ಕಾಗದ ಸುಟ್ಟ ನೆನಪು ಎಲ್ಲರಿಗೂ ಇರುತ್ತದೆ. ಆಳೆತ್ತರದ ಗಾಜು ಹಾಗೆ ಮಾಡಿದರೆ ದೀಪವೇ ಕರಗಬಹುದು, ಬೆಂಕಿ ಹತ್ತಬಹುದು. ಪರದೆ ಇರುವುದು ಅದಕ್ಕೆ. ಗಾಜನ್ನು ಕೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡೂ ಬೆಳಕನ್ನು ಚದುರಿಸುತ್ತದೆ.

ಸಂಜೆ ತನಕ ಉಳಿಯಲು ಆದರೆ ದಯವಿಟ್ಟು ಉಳಿಯಿರಿ. ಬಸ್ ಡ್ರೈವರಣ್ಣನಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಕತ್ತಲಾದ ಮೇಲೆ ದಡದಲ್ಲಿ ಕೂತು ಮೊಬೈಲ್‌ನ ಸ್ಟಾಪ್‌ವಾಚ್ ತೆಗೆಯಿರಿ. ಒಂದು ಮಿಂಚಿನಿಂದ ಎಣಿಸಲು ಶುರು ಮಾಡಿ. ಜೋಡಿ ಮಿಂಚು ಬಂದರೆ ಅದನ್ನು ಒಂದು ಗುಂಪು ಅಂತ ಹಿಡಿಯಿರಿ. ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಲು ಎಷ್ಟು ಸೆಕೆಂಡ್ ಬೇಕು ಅಂತ ಬರೆದುಕೊಳ್ಳಿ. ಒಂದು ಸಲ ಸಾಲದು, ಕೆಲವು ಸಲ ಎಣಿಸಿ ಸರಾಸರಿ ತೆಗೆಯಿರಿ. ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿ ಭಾರತದ ದಡದ ದೀಪಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಅದರಲ್ಲಿ ಮಹಾಬಲಿಪುರದ ಸಾಲನ್ನು ಹುಡುಕಿ ನಿಮ್ಮ ಲೆಕ್ಕದ ಜೊತೆ ಇಟ್ಟು ನೋಡಿ. ಮುಂದೆ ಕಾಪುವಿಗೋ ಸುರತ್ಕಲ್‌ಗೋ ಹೋದಾಗ ಅಲ್ಲಿನ ದೀಪವನ್ನೂ ಎಣಿಸಿದರೆ, ಎರಡರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಾಪುವಿನ ಗೋಪುರ 1901ರದ್ದು, ಬಂಡೆಯ ಮೇಲೆ ನಿಂತಿದೆ. ಅದು ಪಶ್ಚಿಮದ ಕಡಲು ಆದ್ದರಿಂದ ಸೂರ್ಯ ನೀರಿಗೆ ಇಳಿದ ಸ್ವಲ್ಪ ಹೊತ್ತಿಗೇ ದೀಪ ಹತ್ತುವುದನ್ನು ಅಲ್ಲಿ ಒಂದೇ ಕಡೆ ಕೂತು ನೋಡಬಹುದು.